ಕೆಂಪು ಗುರುತಿನ ಸೌಟು

‘ನಿಮ್ಮಿಬ್ಬರಲ್ಲಿ ಮೊದಲು ಸಾಯುದು ಯಾರು ಅಂತ ಅಂದಾಜು?’

ಇದು ಅವರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆ. ಹೇಳಿಕಳಿಸಿದ ಚಹಾ ಇನ್ನೂ ಬಂದಿರಲಿಲ್ಲ. ಮುಂಬಯಿ ಆಚೆಯ ಕಲ್ಯಾಣ ಸ್ಟೇಷನ್ನಿನ ಪಶ್ಚಿಮಕ್ಕೆ, ಒಂದು ಹಳೆಯ ಉಡುಪಿ ಹೋಟೆಲಿನ ಮಾಳಿಗೆಯಲ್ಲಿದ್ದ ಅವರ ಆಫೀಸಿನಲ್ಲಿ ನಾನೂ ನನ್ನ ಸೊಸೆ ಸ್ವಾತಿಯೂ ಕುಳಿತಿದ್ದೆವು. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಎದ್ದು ನಿಲ್ಲಬೇಕೆಂದು ಸಿಸ್ಟರ್‌ಗಳು ಕಲಿಸಿದ್ದನ್ನು ಎಪ್ಪತ್ತು ದಾಟಿದ ಮೊಣಕಾಲುಗಳು ಇನ್ನೂ ಮರೆತಿಲ್ಲ. ಅರ್ಧ ಎದ್ದೆ.

‘ನಾನೇ ಇರಬೇಕು,’ ಎಂದೆ.

‘ಇರಬೇಕು ಅಂದ್ರೆ ಆಗ್ಲಿಕ್ಕಿಲ್ಲ. ಕೂತ್ಕೊಳ್ಳಿ. ನೀವು ಹೋದ ಮೇಲೆ ಕಂಪನಿಯಲ್ಲಿ ನಿಮ್ಮ ಶೇರು ಯಾರಿಗೆ? ಮಗನಿಗಾ? ಸರಿ. ಮಗನೂ ಇವಳೂ ಡಿವೋರ್ಸ್ ಮಾಡಿದ್ರೆ?’

ಸ್ವಾತಿ ಕಲ್ಯಾಣದಲ್ಲೇ ಹುಟ್ಟಿ ಬೆಳೆದ ಹುಡುಗಿ. ಸಿಟ್ಟು ಬಂದರೆ ಅವಳ ಕನ್ನಡ ಹಿಂದಿಯಾಗುತ್ತದೆ. ‘ಅಂಕಲ್, ಹಮ್ ಲೋಗ್ ಸಿರ್ಫ್ ಸಾರು ಬನಾನೇ ವಾಲೇ ಹೈಂ,’ ಎಂದಳು, ನಾವು ಬರೀ ಸಾರು ಮಾಡುವವರು ಎಂದು.

‘ಸಾರು ಕುಡಿದು ಯಾರಿಗಾದ್ರೂ ಏನಾದ್ರೂ ಆದ್ರೆ?’

ಚಹಾ ಬಂತು. ಯಾರೂ ಕುಡಿಯಲಿಲ್ಲ.

ಅವರು ತೀರಿಹೋಗಿ ಸ್ವಲ್ಪ ದಿನವಾಯಿತು. ಹೆಸರು ಬರೆಯುವುದಿಲ್ಲ. ಮನುಷ್ಯನ ಹೆಸರು ಅಚ್ಚಾದರೆ ಏನೇನು ಅನಾಹುತ ಆಗಬಹುದು ಎಂಬುದರ ಬಗ್ಗೆ ಅವರದೊಂದು ಇಡೀ ಲೆಕ್ಚರ್ ಇತ್ತು, ನಾನೇ ಮೂರು ನಾಲ್ಕು ಸಲ ಕೇಳಿದ್ದೇನೆ. ಠಾಣೆಯಿಂದ ಕಲ್ಯಾಣದವರೆಗೆ, ಆಚೆ ನವಿ ಮುಂಬಯಿಯಲ್ಲೂ, ನಮ್ಮ ಊರಿನ ಹೋಟೆಲಿನವರು ಅವರನ್ನು ಬೆನ್ನ ಹಿಂದೆ ಹೆದರಿಕೆ ರಾಯರು ಎನ್ನುತ್ತಿದ್ದರು. ಎದುರಿಗೆ ಬರೀ ರಾಯರು. ಸಣ್ಣ ವ್ಯಾಪಾರ ಶುರುಮಾಡುವವರಿಗೆ ಪ್ರೈವೇಟ್ ಲಿಮಿಟೆಡ್ ಕಂಪನಿ ರಿಜಿಸ್ಟರ್ ಮಾಡಿಸಿಕೊಡುವುದು, ವರ್ಷ ವರ್ಷ ಅದರ ಫೈಲಿಂಗ್ ನೋಡಿಕೊಳ್ಳುವುದು ಅವರ ವೃತ್ತಿ. ಕ್ಲೈಂಟುಗಳನ್ನು ಹೆದರಿಸುವುದು ಆ ವೃತ್ತಿಯ ಮೊದಲ ಮೆಟ್ಟಿಲು ಎಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ಅವರು ಸ್ವತಃ ನಮಗಿಂತ ಹೆಚ್ಚು ಹೆದರುತ್ತಿದ್ದರು ಎಂದು ಗೊತ್ತಾಗಲು ಸಮಯ ಹಿಡಿಯಿತು.

ಪ್ಲಾಟ್‌ಫಾರ್ಮಿನಲ್ಲಿ ಅವರು ಯಾವಾಗಲೂ ಕಂಬಕ್ಕೆ ಬೆನ್ನು ಕೊಟ್ಟೇ ನಿಲ್ಲುತ್ತಿದ್ದರು. ಲಿಫ್ಟ್ ಹತ್ತುತ್ತಿರಲಿಲ್ಲ. ಹೊಸ ಜಾಗಕ್ಕೆ ಹೋದರೆ ಮೊದಲು ಮೇಲೆ ನೋಡಿ, ಫ್ಯಾನು ಎಲ್ಲಿದೆ ಎಂದು ತಿಳಿದುಕೊಂಡು, ಅದರ ಕೆಳಗೆ ಅಲ್ಲದ ಕುರ್ಚಿ ಹುಡುಕುತ್ತಿದ್ದರು. ಬೇಸಗೆಯಲ್ಲೂ ಕೊಡೆ. ‘ಬಿಸಿಲಿಗಾ ಸರ್?’ ಎಂದು ಕೇಳಿದರೆ, ‘ಮೇಲಿಂದ ಯಾರಾದ್ರೂ ಹೂಕುಂಡ ಬೀಳಿಸಿದ್ರೆ?’ ಎನ್ನುವರು. ಪೂರ್ ಮ್ಯಾನ್, ಹೂಕುಂಡಕ್ಕೆ ಕೊಡೆ ಅಡ್ಡವಾಗುತ್ತದೆಯೇ ಎಂದು ಯಾರೂ ಅವರನ್ನು ಕೇಳಲಿಲ್ಲ.

ನಮ್ಮ ವ್ಯಾಪಾರ ಹುಟ್ಟಿದ್ದು ಸ್ವಾತಿಯ ಬಾಣಂತನದಲ್ಲಿ. ಅವಳ ಆಫೀಸಿನ ಗೆಳತಿಯೊಬ್ಬಳು ಮಗು ನೋಡಲು ಬಂದವಳು ನನ್ನ ಮೆಂತೆ ಗಂಜಿ, ಕಾಳುಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ ಉಂಡು ಕಣ್ಣಲ್ಲಿ ನೀರು ತಂದುಕೊಂಡಳು. ಅವಳಿಗೂ ತಿಂಗಳು ತುಂಬುತ್ತ ಬಂದಿತ್ತು, ಮಾಡಿಹಾಕುವವರು ಯಾರೂ ಇರಲಿಲ್ಲ. ಮಾಡಿ ಕಳಿಸಿದೆವು. ಅವಳು ಇನ್ನೊಬ್ಬಳಿಗೆ ಹೇಳಿದಳು. ಠಾಣೆಯ ಮಾಜಿವಾಡಾದ ಟವರುಗಳಲ್ಲಿ, ಖಾರ್‌ಘರ್‌ನಲ್ಲಿ, ವಾಶಿಯಲ್ಲಿ, ತಾಯಿ ದೂರ ಇರುವ ಅಥವಾ ಇಲ್ಲವೇ ಇಲ್ಲದ ಎಷ್ಟು ಹುಡುಗಿಯರು ಬ್ರೆಡ್ಡು ತಿಂದು ಬಾಣಂತನ ಮುಗಿಸುತ್ತಿದ್ದಾರೆ ಎಂದು ಗೊತ್ತಾದಾಗ ಸ್ವಾತಿ ಕೆಲಸ ಬಿಟ್ಟು ಇದನ್ನೇ ಮಾಡುವಾ ಎಂದಳು. ಆಗಲೇ ನನಗೆ ಹೆದರಿಕೆ ಶುರುವಾದದ್ದು. ಬಾಣಂತಿ ಉಂಡದ್ದು ಹಾಲಾಗಿ ಕೂಸಿಗೆ ಹೋಗುತ್ತದೆ. ಒಂದು ಚಿಟಿಕೆ ಹೆಚ್ಚುಕಡಿಮೆಯಾದರೆ? ಡೋಂಬಿವಲಿಯ ಈ ಒಂದು ಬೆಡ್‌ರೂಮಿನ ಫ್ಲ್ಯಾಟು ನನ್ನ ಯಜಮಾನರು ಬಿಟ್ಟುಹೋದದ್ದು, ನನ್ನ ಹೆಸರಿನಲ್ಲಿದೆ. ಮಗ, ಸೊಸೆ, ಮೊಮ್ಮಗಳು, ನಾನು ಇರುವುದು ಅದರಲ್ಲೇ. ಬೇರೆ ಯಾವ ಊರಿನಲ್ಲೂ ನಮಗೆ ಒಂದು ಹಂಚಿನ ತುಂಡೂ ಇಲ್ಲ.

ಅದನ್ನೇ ರಾಯರಿಗೆ ಹೇಳಿದೆ. ಅವರು ಆ ಮೊದಲ ದಿನವೇ ಆರಿಹೋದ ಚಹಾದ ಎರಡು ಲೋಟಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

‘ಇದು ನೀವು. ಇದು ಕಂಪನಿ. ಈ ಲೋಟ ಒಡೆದ್ರೆ ಆ ಲೋಟದ ಚಹಾ ಚೆಲ್ಲಬಾರ್ದು. ಅಷ್ಟಕ್ಕೇ ಲಿಮಿಟೆಡ್ ಅಂತ ಹೇಳುದು. ಕಂಪನಿ ಮುಳುಗಿದ್ರೆ ಕಂಪನಿಯ ಒಲೆ ಹೋಗ್ತದೆ, ಪಾತ್ರೆ ಹೋಗ್ತದೆ. ನಿಮ್ಮ ಮನೆ ಹೋಗುದಿಲ್ಲ. ಮಧ್ಯದಲ್ಲಿ ಒಂದು ಗೋಡೆ ಉಂಟು. ಆದ್ರೆ ಅದು ಕಾಣುದಿಲ್ಲ. ಕಾಣದ ಗೋಡೆಯನ್ನು ನಮ್ಮವರು ದಿನಕ್ಕೆ ಹತ್ತು ಸಲ ದಾಟ್ತಾರೆ ಮಾರಾಯ್ರೆ, ಅದೇ ನನಗೆ ಹೆದರಿಕೆ.’

ಕಂಪನಿಗೆ ಹೆಸರಿಡುವಾಗ ಸ್ವಾತಿಗೆ ನನ್ನ ತಾಯಿಯ ಹೆಸರು ಬೇಕಿತ್ತು. ಲೇಹ್ಯ ನನಗೆ ಕಲಿಸಿದ್ದು ನನ್ನ ತಾಯಿ. ರಾಯರು ಪೆನ್ನು ಕೆಳಗಿಟ್ಟರು. ‘ಬೇಡ. ನಾಳೆ ನೋಟಿಸು ಬಂದ್ರೆ ಅದ್ರ ಮೇಲೆ ತಾಯಿಯ ಹೆಸರು ಇರ್ತದೆ. ಓದ್ಲಿಕ್ಕೆ ಆಗ್ತದಾ ನಿಮಗೆ?’ ದೇವರ ಹೆಸರು ಹೇಳಿದೆವು. ‘ದೇವರಿಗೆ ನೋಟಿಸು ಬರುದು ಅದಕ್ಕಿಂತ ಕಷ್ಟ.’ ಕೊನೆಗೆ ಯಾರ ತಾಯಿಯೂ ಯಾವ ದೇವರೂ ಆಗಿರದ ಒಂದು ಸಪ್ಪೆ ಹೆಸರು ಮಂಜೂರಾಗಿ ಬಂತು. ಶೇರು ಅರ್ಧ ನನಗೆ, ಅರ್ಧ ಅವಳಿಗೆ ಎಂದಾಗಲೂ ಅವರು ಒಪ್ಪಲಿಲ್ಲ. ‘ಅತ್ತೆ ಸೊಸೆ ಅರ್ಧರ್ಧ ಅಂದ್ರೆ ಬೀಗ. ಇಬ್ಬರೂ ಹೂಂ ಅನ್ನದಿದ್ರೆ ಬಾಗಿಲು ತೆಗೀಲಿಕ್ಕಿಲ್ಲ. ಒಬ್ರು ಒಂದು ಶೇರು ಜಾಸ್ತಿ ಇಟ್ಕೊಳ್ಳಿ.’

‘ಅತ್ತೆ ಇಟ್ಕೊಳ್ಳಲಿ,’ ಎಂದಳು ಸ್ವಾತಿ. ‘ಹೇಗೂ ಮನೇಲಿ ಹಾಗೇ ಅಲ್ವಾ?’

ರಾಯರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ವ್ಯಾಪಾರದ ಅಡಿಗೆಯನ್ನು ನಮ್ಮ ಮನೆಯಲ್ಲಿ ಮಾಡಕೂಡದು ಎಂದೂ ಅವರದೇ ಹಟ. ಶಹಾಡ್‌ನಲ್ಲಿ ಒಂದು ಗಾಳಾ ಹಿಡಿದೆವು. ಸಣ್ಣ ಕಾರ್ಖಾನೆಗಳ ಸಾಲಿನಲ್ಲಿ ಶಟರ್ ಇರುವ ಕೋಣೆಗೆ ಇಲ್ಲಿ ಹಾಗೆನ್ನುತ್ತಾರೆ. ಬಾಡಿಗೆ ಕಂಪನಿಯ ಹೆಸರಿನಲ್ಲಿ, ಕರೆಂಟು ಕಂಪನಿಯ ಹೆಸರಿನಲ್ಲಿ, ತುಪ್ಪ ಬೆಲ್ಲ ಕಂಪನಿಯ ಹೆಸರಿನಲ್ಲಿ. ಸಹಿ ಮಾಡುವಾಗ ಕಂಪನಿಯ ಪರವಾಗಿ ಎಂದು ಮೇಲೆ ಬರೆದೇ ಸಹಿ. ಫೋನಿನಲ್ಲಿ ಯಾರು ಎಂದು ಕೇಳಿದರೆ ‘ಕಂಪನಿ ಕಡೆಯಿಂದ’ ಎನ್ನಬೇಕು. ಮನೆಯ ಊಟದ ಮೇಜಿನಲ್ಲಿ ನಾನೂ ಸ್ವಾತಿಯೂ ಎದುರುಬದುರು ಕುಳಿತು ಬೋರ್ಡ್ ಮೀಟಿಂಗ್ ಮಾಡಬೇಕು. ಒಂದು ಮೀಟಿಂಗಿನಲ್ಲಿ ಸಾರಿಗೆ ಇಂಗು ಬೇಕೋ ಬೇಡವೋ ಎಂದು ನಮಗೆ ಮಾತಿಗೆ ಮಾತು ಬೆಳೆದು, ಮಗ ಟಿವಿಯ ಸದ್ದು ಏರಿಸಿದ. ಅದನ್ನೂ ಮಿನಿಟ್ಸಿಗೆ ಬರೆಯಿರಿ ಎಂದರು ರಾಯರು.

ಒಂದು ಮಧ್ಯಾಹ್ನ ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಮೂರು ಮಾಳಿಗೆ ಹತ್ತಿದ ಏದುಸಿರಿನಲ್ಲೇ ಸೀದಾ ಅಡಿಗೆಮನೆಗೆ ಹೋದರು. ನನ್ನ ಸಾಂಬಾರಿನ ಪಾತ್ರೆಯಲ್ಲಿ ಒಂದು ಉದ್ದ ಹಿಡಿಯ ಸೌಟು ಇತ್ತು.

‘ಇದು ಎಲ್ಲಿಯದು?’

‘ಶಹಾಡಿನದು,’ ಎಂದೆ. ‘ನಮ್ಮದು ಸಣ್ಣದು, ಇದು ಒಳ್ಳೆಯದುಂಟು ಅಂತ ಸ್ವಾತಿ ತಂದಳು.’

ಅವರು ಆ ಸೌಟನ್ನು ತೆಗೆದು, ತೊಳೆದು, ಒರೆಸಿ, ಕೈಯಲ್ಲಿ ಹಿಡಿದುಕೊಂಡು ಪಾತ್ರೆ ತೊಳೆಯುವ ಮೋರಿಯ ಕಟ್ಟೆಗೆ ಒರಗಿದರು. ಆವತ್ತು ಹೇಳಿದ್ದು ಅವರ ತಂದೆಯ ಹೋಟೆಲಿನ ಕತೆ. ಕಲ್ಯಾಣದಲ್ಲಿ ತಂದೆ, ಚಿಕ್ಕಪ್ಪ, ಸೋದರಮಾವ ಸೇರಿ ನಡೆಸುತ್ತಿದ್ದ ಪಾಲುದಾರಿಕೆಯ ಹೋಟೆಲು. ಹೋಟೆಲಿನ ಅಕ್ಕಿ ಮನೆಗೆ, ಮನೆಯ ತೆಂಗಿನಕಾಯಿ ಹೋಟೆಲಿಗೆ. ಹೋಟೆಲಿನ ಪಾತ್ರೆಯಲ್ಲೇ ಮನೆಯ ಅಡಿಗೆ. ನಮ್ಮ ಹೋಟೆಲಿನವರ ಮನೆಗಳೆಲ್ಲ ಹಾಗೇ ಅಲ್ಲವೇ, ಹೋಟೆಲು ಎಲ್ಲಿ ಮುಗಿಯಿತು ಮನೆ ಎಲ್ಲಿ ಶುರುವಾಯಿತು ಎಂದು ಒಳಗಿದ್ದವರಿಗೇ ತಿಳಿಯದು. ಸೋದರಮಾವ ಎಲ್ಲೋ ಮಾಡಿದ ಒಂದು ಸಾಲಕ್ಕೆ ಹೋಟೆಲು ಹೋಯಿತು, ಹಿಂದಿನಿಂದ ಮನೆಯೂ ಹೋಯಿತು. ಸಾಮಾನು ಒಯ್ಯಲು ಜನ ಬಂದಾಗ ತಾಯಿ ಅನ್ನ ಮಾಡುತ್ತಿದ್ದರಂತೆ.

‘ಬಂದವರು ಒಳ್ಳೆಯವರೇ,’ ಎಂದರು ರಾಯರು. ‘ಅಮ್ಮನಿಗೆ ಬೈಲಿಲ್ಲ. ಬಾಳೆಲೆ ಹಾಸ್ಲಿಕ್ಕೆ ಹೇಳಿದ್ರು. ಅನ್ನ ಎಲೆ ಮೇಲೆ ಸುರಿದು, ಪಾತ್ರೆ ತಕೊಂಡು ಹೋದ್ರು. ಬಿಸಿ ಪಾತ್ರೆ. ಅಮ್ಮನೇ ಹಿಡ್ಕೊಳ್ಳಿಕ್ಕೆ ಬಟ್ಟೆ ಕೊಟ್ಟದ್ದು.’

ನನ್ನ ಕುಕ್ಕರು ಅದೇ ಹೊತ್ತಿಗೆ ಸಿಳ್ಳೆ ಹೊಡೆಯಿತು. ಇಬ್ಬರೂ ಬೆಚ್ಚಿಬಿದ್ದೆವು.

ಅವರ ಅಂಗಿಯ ಜೇಬಿನಲ್ಲಿ ನೇಲ್ ಪಾಲಿಶಿನ ಒಂದು ಪುಟ್ಟ ಬಾಟಲಿ ಇತ್ತು. ಹೆಂಡತಿಯದಂತೆ. ಸೌಟಿನ ಹಿಡಿಗೆ ಕೆಂಪು ಪಟ್ಟಿ ಬಳಿದರು, ಒಣಗುವ ತನಕ ಊದಿದರು. ‘ಕಂಪನಿಯ ಪಾತ್ರೆಗೆಲ್ಲ ಇದೇ ಗುರುತು ಹಾಕಿ. ಕೆಂಪಿನದ್ದು ಈ ಮನೆ ಮೆಟ್ಟಿಲು ಹತ್ತಬಾರ್ದು. ನಿಮ್ಮದು ಅಲ್ಲಿ ಇಳೀಬಾರ್ದು. ಮತ್ತೆ, ಏನಾದ್ರೂ ಆದ್ರೆ ನೀವು ಹೋಗ್ಬಾರ್ದು. ಮಾತಾಡ್ಬಾರ್ದು. ಸಾರಿ ಅಂತೂ ಹೇಳ್ಲೇಬಾರ್ದು. ನನಗೆ ಫೋನ್ ಮಾಡಿ.’

ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದು ಏನಾದರೂ ಆದರೆ ಮೊದಲು ಸಾರಿ ಹೇಳಬೇಕೆಂದು. ಇದು ಬಹಳ ಅನ್‌ಕ್ರಿಶ್ಚಿಯನ್ ಆಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನಾನೇನು ಕ್ರಿಶ್ಚಿಯನ್ ಅಲ್ಲ, ಆದರೆ ಆ ಮಾತು ಅಂಟಿಕೊಂಡುಬಿಟ್ಟಿದೆ.

ಆದದ್ದು ಮಾಜಿವಾಡಾದ ಒಂದು ಮನೆಯಲ್ಲಿ. ಹುಡುಗಿ ಧಾರವಾಡದ ಕಡೆಯವಳು. ತಾಯಿ ತೀರಿಕೊಂಡು ಬಹಳ ವರ್ಷ, ತಂದೆಯೂ ಇಲ್ಲ, ತವರೆಂದು ಯಾರೂ ಇಲ್ಲ. ದಿನವೂ ಶಹಾಡ್‌ನಿಂದ ಅವಳಿಗೆ ಊಟ ಹೋಗುತ್ತಿತ್ತು. ಫೋನಿನಲ್ಲಿ ನನ್ನನ್ನು ಅಮ್ಮಾ ಅನ್ನುತ್ತಿದ್ದಳು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾದಾಗ ನಾನೂ ಸ್ವಾತಿಯೂ ಒಬ್ಬರ ಮುಖ ಒಬ್ಬರು ನೋಡಿದೆವು. ಆ ದಿನ ತವರಿನಿಂದ ಮಗಳಿಗೆ ಏನಾದರೂ ಹೋಗಲೇಬೇಕು. ನಮ್ಮಲ್ಲಿ ಅದನ್ನು ಯಾರೂ ಹೇಳಿಕೊಡುವುದಿಲ್ಲ, ಬಿಡುವುದೂ ಇಲ್ಲ. ಒಣಶುಂಠಿ, ಓಮ, ಜೀರಿಗೆ ಹುರಿದು, ಬೆಲ್ಲ ತುಪ್ಪ ಹಾಕಿ, ಮನೆಯ ಒಲೆಯ ಮೇಲೆ, ಮನೆಯ ಬಾಣಲೆಯಲ್ಲಿ, ಗುರುತಿಲ್ಲದ ಸೌಟಿನಿಂದ ತಿರುವಿ ಲೇಹ್ಯ ಮಾಡಿದೆ. ಮದುವೆಯಲ್ಲಿ ನನಗೆ ಬಂದ ಸ್ಟೀಲಿನ ಡಬ್ಬಿಗೆ ತುಂಬಿದೆ. ಅಂಥದ್ದಕ್ಕೆ ಬಿಲ್ಲು ಬರೆಯುವವರು ಯಾರು?

ತೊಟ್ಟಿಲಿಗೆ ಹಾಕಿದ ಮಾರನೆಯ ದಿನ ಮಗುವಿಗೆ ಭೇದಿ ಶುರುವಾಗಿ, ನೀರಿನಂಶ ಕಡಿಮೆಯಾಗಿ, ಆಸ್ಪತ್ರೆಗೆ ಸೇರಿಸಿದರು. ಹುಡುಗಿಯ ಗಂಡ ಫೋನು ಮಾಡಿದ. ಅವನ ದನಿ ಏರಲೇ ಇಲ್ಲ, ಅದೇ ಭಯಂಕರ.

‘ಆಕಿ ಹೊಸಾದು ತಿಂದಿದ್ದು ನಿಮ್ಮ ಲೇಹ್ಯ ಒಂದ. ಡಬ್ಬಿ ನನ್ನ ಕಡೆ ಐತಿ. ಮುಚ್ಚಳದ ಮ್ಯಾಲ ನಿಮ್ಮ ಹೆಸರು ಕೆತ್ತ್ಯಾರ. ಲ್ಯಾಬಿಗೆ ಕೊಡ್ತೀನಿ. ನನ್ನ ಕೂಸಿಗೆ ಏನರ ಆದ್ರ ನಿಮ್ಮನ್ನ ಮನಿ ಬಿಡಿಸ್ತೀನಿ.’

ಫೋನು ಇಟ್ಟೆ. ನನಗೆ ಕಂಡದ್ದು ಒಂದೇ. ಚಿಕ್ಕ ಮುಷ್ಟಿ, ಅದರ ಹಿಂಬದಿಯಲ್ಲಿ ಸೂಜಿ, ಪ್ಲ್ಯಾಸ್ಟರ್. ಅದರ ಹಿಂದೆಯೇ, ಹೇಳಲು ನಾಚಿಕೆ, ಈ ಫ್ಲ್ಯಾಟಿನ ಬಾಗಿಲು, ಮೊಮ್ಮಗಳ ಚಪ್ಪಲಿ. ಐ ವಾಸ್ ಟೆರಿಫೈಡ್. ಯಾವುದಕ್ಕೆ ಹೆಚ್ಚು ಹೆದರಿದೆ ಎಂದು ಕೇಳಬಾರದು.

ರಾಯರು ಕಲ್ಯಾಣದಿಂದ ಸಿಕ್ಕಿದ ಗಾಡಿ ಹಿಡಿದು ಬಂದರು. ಕುಳಿತುಕೊಳ್ಳಲಿಲ್ಲ.

‘ಬಿಲ್ ಉಂಟಾ?’

‘ಇಲ್ಲ. ತವರಿನ ಕಡೆಯದ್ದು ಅಂತ ಕೊಟ್ಟದ್ದು.’

‘ಕೆಂಪು ಸೌಟಾ?’

‘ಅಲ್ಲ. ಇಲ್ಲೇ ಮಾಡಿದ್ದು.’

ಅವರು ತಲೆಯೆತ್ತಿ ನಮ್ಮ ಹಾಲಿನ ಗೋಡೆಗಳನ್ನು ಒಂದೊಂದಾಗಿ ನೋಡಿದರು. ಯಜಮಾನರ ಫೋಟೋ ಇರುವ ಗೋಡೆಯ ಹತ್ತಿರ ಕಣ್ಣು ನಿಂತಿತು. ‘ಕಂಪನಿ ಕೊಟ್ಟದ್ದಲ್ಲ ಹಾಗಾದ್ರೆ. ನೀವು ಕೊಟ್ಟದ್ದು. ನಿಮ್ಮ ಒಲೆ, ನಿಮ್ಮ ಡಬ್ಬಿ, ನಿಮ್ಮ ಹೆಸರು. ಗೋಡೆಯ ಆಚೆ ಹೋಗಿ ನಿಂತಿದ್ದೀರಲ್ಲ ಅಮ್ಮಾ ನೀವು.’

‘ಈಗ ಬಿಲ್ ಮಾಡುವಾ,’ ಎಂದಳು ಸ್ವಾತಿ. ‘ಹಿಂದಿನ ತಾರೀಕು ಹಾಕಿ. ಕೌನ್ ದೇಖನೇ ವಾಲಾ ಹೈ?’

‘ಆ ಬಿಲ್ ಮಾಡಿದ್ರೆ ನಾನು ಈಗ್ಲೇ ಎದ್ದು ಹೋಗ್ತೇನೆ,’ ಎಂದರು, ನಿಂತುಕೊಂಡೇ. ‘ಒಂದು ಸುಳ್ಳು ಬಿಲ್ ಸಾಕು, ಕಂಪನಿ ಬೇರೆ ನೀವು ಬೇರೆ ಅಂತ ಮತ್ತೆ ಯಾರೂ ನಂಬುದಿಲ್ಲ. ನಿಮಗೆ ಮಾತ್ರ ಅಲ್ಲ, ನಾನು ಮಾಡಿಕೊಟ್ಟ ಒಂದು ಕಂಪನಿಯನ್ನೂ ನಂಬುದಿಲ್ಲ.’

‘ಮಗ್ ಕಾಯ್ ಕರಾಯ್ಚ, ಅಂಕಲ್?’ ಇನ್ನೇನು ಮಾಡುವುದು ಎಂದು ಮರಾಠಿಯಲ್ಲಿ ಕೇಳುತ್ತ ಸ್ವಾತಿ ಅಳುತ್ತಿದ್ದಳು.

‘ಕಾಯುದು. ಅಲ್ಲಿಗೆ ಹೋಗುದು ಬೇಡ. ಹೋದ್ರೆ ತಪ್ಪು ಒಪ್ಪಿಕೊಂಡ ಹಾಗೆ ಆಗ್ತದೆ.’

ನಾನು ಒಳಗೆ ಹೋಗಿ ಸೀರೆ ಬದಲಾಯಿಸಿದೆ. ಅದು ಧೈರ್ಯವೆಂದು ಯಾರೂ ತಿಳಿಯಬೇಡಿ. ಮನೆಯಲ್ಲಿ ಕುಳಿತು ಫೋನಿನ ಸದ್ದಿಗೆ ಕಾಯುವುದು ನನ್ನಿಂದ ಆಗುತ್ತಿರಲಿಲ್ಲ. ಹೊರಗೆ ಬಂದು, ‘ಹುಡುಗಿಗೆ ತಾಯಿ ಇಲ್ಲ ರಾಯರೇ,’ ಎಂದಷ್ಟೇ ಹೇಳಿದೆ. ಅವರು ಕೊಡೆ ಎತ್ತಿಕೊಂಡರು. ಆಮೇಲೆ ನನಗಿಂತ ಮೊದಲು ಮೆಟ್ಟಿಲು ಇಳಿದರು, ಗೊಣಗುತ್ತ. ‘ಇದು ಸರಿಯಲ್ಲ, ನಾನು ಹೇಳಿಲ್ಲ ಅನ್ನಬೇಡಿ, ಇದು ಸರಿಯಲ್ಲ.’

ರೈಲಿನಲ್ಲಿ ಅವರು ಗಂಡಸರ ಡಬ್ಬಿಗೆ ಹೋದರು, ನಾನು ಹೆಂಗಸರ ಡಬ್ಬಿಯಲ್ಲಿ ಒಬ್ಬಳೇ. ಎದುರಿಗೆ ಕುಳಿತವಳು ಮಡಿಲಲ್ಲಿ ಬಟಾಣಿ ಸುಲಿಯುತ್ತಿದ್ದಳು. ಮುಂಬ್ರಾ ದಾಟುವಾಗ ಗಾಡಿ ಸುಮ್ಮನೆ ನಿಂತಿತು. ಈಗ ಮಗುವಿಗೆ ಏನೋ ಆಯಿತು, ಅದಕ್ಕೇ ನಿಂತಿತು ಎಂದು ಖಂಡಿತವಾಗಿ ಅನಿಸಿತು. ಅಂಥ ಹೊತ್ತಿನಲ್ಲಿ ಎಷ್ಟು ಓದಿದರೂ ಅಷ್ಟೇ. ಶಾಲೆಯಲ್ಲಿ ಹೇಳುತ್ತಿದ್ದ ಇಂಗ್ಲಿಷ್ ಪ್ರಾರ್ಥನೆ ತಾನಾಗಿ ಬಾಯಿಗೆ ಬಂತು, ಅರ್ಧಕ್ಕೇ ಮರೆತುಹೋಯಿತು. ಠಾಣೆಯಲ್ಲಿ ಇಳಿದಾಗ ರಾಯರು ಕಂಬಕ್ಕೆ ಒರಗಿ ನಿಂತಿದ್ದರು. ಅಂಗಿ ಪೂರ್ತಿ ಒದ್ದೆ. ಆಟೋದಲ್ಲಿ ಅವರು ಮುಂದಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದಿದ್ದರು. ನಾನು ಅವರ ಕೊಡೆ ಹಿಡಿದಿದ್ದೆ.

ಆಸ್ಪತ್ರೆಯ ಮಾಳಿಗೆಯನ್ನೂ ಮೆಟ್ಟಿಲಲ್ಲೇ ಹತ್ತಿದೆವು. ಮಕ್ಕಳ ವಾರ್ಡಿನ ಬಾಗಿಲಲ್ಲಿ ಹುಡುಗಿಯ ಗಂಡ, ಅವನೂ ಇನ್ನೂ ಹುಡುಗನೇ, ನಿಂತಿದ್ದ. ನಮ್ಮನ್ನು ಅವನು ಮೊದಲು ನೋಡಿದವನಲ್ಲ. ಕಣ್ಣು ಕೆಂಪಗಿತ್ತು, ಗಡ್ಡ ಬೆಳೆದಿತ್ತು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ನನ್ನ ಡಬ್ಬಿಯ ಆಕಾರ.

‘ಯಾರ್ರಿ ನೀವು?’ ಎಂದ. ‘ಕಂಪನಿ ಕಡಿಯಿಂದ ಬಂದೀರೇನು?’

ಎಷ್ಟು ಸುಲಭದ ಪ್ರಶ್ನೆ. ಹೌದು ಎಂದರೆ ನಾನು ಗೋಡೆಯ ಈಚೆ, ನನ್ನ ಮನೆ ನನ್ನ ಹಿಂದೆ ಭದ್ರ. ಅದನ್ನೇ ರಾಯರು ನಮಗೆ ಬಾಯಿಪಾಠ ಮಾಡಿಸಿದ್ದು. ಅಲ್ಲ ಎಂದರೆ, ಡಬ್ಬಿಯ ಮೇಲಿನ ಹೆಸರು ನನ್ನದೇ ಎಂದು ನಾನೇ ಬಾಯಿಬಿಟ್ಟು ಹೇಳಿದಂತೆ. ನಾನು ತುಟಿ ತೆರೆದದ್ದು ನೆನಪಿದೆ. ಏನು ಹೇಳಲು ತೆರೆದೆ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.

‘ಅಲ್ಲ,’ ಎಂದರು ರಾಯರು.

ನನ್ನ ಬೆನ್ನ ಹಿಂದಿನಿಂದ ಬಂದ ಆ ದನಿ ಒಡೆದಿತ್ತು. ಮತ್ತೆ ಹೇಳಿದರು.

‘ಕಂಪನಿ ಇಲ್ಲಿಗೆ ಬರ್ಲಿಲ್ಲ. ಇವರು ಹುಡುಗಿಯ ತವರಿನ ಕಡೆಯಿಂದ ಬಂದದ್ದು. ನಾನೂ.’

‘ತವರಿನ್ಯಾಗ ಆಕಿಗೆ ಯಾರೂ ಇಲ್ರೀ.’

‘ಗೊತ್ತುಂಟು. ಅದಕ್ಕೇ ಬಂದದ್ದು.’

ಹುಡುಗ ನಮ್ಮಿಬ್ಬರನ್ನೂ ನೋಡಿದ. ಅವನ ಮುಖ ಮೆತ್ತಗಾಯಿತು ಎಂದೇನೂ ಹೇಳಲಾರೆ. ಜಗಳಕ್ಕೆಂದು ಕೂಡಿಸಿಟ್ಟುಕೊಂಡಿದ್ದ ಬಲವನ್ನೆಲ್ಲ ಎಲ್ಲಿ ಇಡುವುದೆಂದು ತಿಳಿಯದೆ ಬೆಂಚಿನ ಮೇಲೆ ಕುಸಿದ. ‘ಒಬ್ರ ಹೋಗ್ರಿ ಒಳಗ,’ ಎಂದ.

ಒಳಗೆ ಹುಡುಗಿ ನನ್ನ ಸೆರಗು ಹಿಡಿದುಕೊಂಡಳು. ಲೇಹ್ಯದ ಮಾತೇ ಎತ್ತಲಿಲ್ಲ. ‘ಹಾಲು ಬರವಲ್ವು ಅಮ್ಮಾ, ಅಂಜಿಕಿಗೆ ನಿಂತೇಬಿಟ್ಟಾವ,’ ಎಂದಳು. ನಾನು ಅವಳ ಬೆನ್ನು ನೀವುತ್ತ ಕುಳಿತೆ. ಗಾಜಿನ ಆಚೆ ಮಗುವಿನ ಹೊಟ್ಟೆ ಏರಿ ಇಳಿಯುತ್ತಿತ್ತು. ಒಂದೊಂದು ಸಲ ಇಳಿದಾಗಲೂ, ಮತ್ತೆ ಏರುವ ತನಕ, ನಾನು ಉಸಿರು ಹಿಡಿದಿರುತ್ತಿದ್ದೆ.

ಹೊರಗೆ ರಾಯರು ಹುಡುಗನ ಪಕ್ಕದಲ್ಲಿ ಕುಳಿತು ಏನು ಮಾತಾಡಿದರೆಂದು ನನಗೆ ಆಗ ಗೊತ್ತಾಗಲಿಲ್ಲ. ಎಷ್ಟೋ ದಿನಗಳ ನಂತರ ಆ ಹುಡುಗನೇ ಹೇಳಿದ. ‘ಆ ಅಜ್ಜಾರು ನನಗ ಟರ್ಮ್ ಇನ್ಶೂರನ್ಸ್ ಮಾಡಿಸೀಯೇನು ಅಂದ್ರು. ನಾಮಿನಿ ಯಾರು ಅಂತ ಕೇಳಿದ್ರು. ಕೂಸಿನ ಹೆಸರು ಹಾಕಬ್ಯಾಡ, ಸಣ್ಣದು ಐತಿ, ತೊಂದ್ರಿ ಆಕ್ಕೈತಿ ಅಂದ್ರು. ನನಗ ಅಳೂನೂ ಬಂತು, ನಗೂನೂ ಬಂತು ನೋಡ್ರಿ.’

ಮಗು ಚೇತರಿಸಿಕೊಂಡಿತು. ತೊಟ್ಟಿಲಿನ ದಿನ ಹತ್ತಾರು ಕೈ ಮುಟ್ಟಿದ್ದರಿಂದ ಬಂದ ಸೋಂಕು ಇರಬೇಕು ಎಂದರು ಡಾಕ್ಟರು. ಲೇಹ್ಯದಲ್ಲಿ ಏನೂ ಸಿಗಲಿಲ್ಲ. ಆದರೆ ಆ ವರದಿ ಬರುವ ತನಕ ನಾವು ಬದುಕಿದ್ದು ಹೇಗೆಂದು ಹೇಳಿದರೆ ಯಾರೂ ನಂಬರು. ಪಕ್ಕದ ಮನೆಯ ಬೆಲ್ಲು ಹೊಡೆದರೂ ಸ್ವಾತಿ ಮಗಳನ್ನು ಎತ್ತಿಕೊಳ್ಳುತ್ತಿದ್ದಳು. ಶಹಾಡ್‌ನ ಒಲೆಗಳನ್ನು ಆರಿಸಿಯೇ ಇಟ್ಟಿದ್ದೆವು. ಡಬ್ಬಿ ವಾಪಸು ಬಂದಾಗ ಅದರಲ್ಲಿ ಶೇಂಗಾ ಹೋಳಿಗೆ ಇತ್ತು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ಅವರಲ್ಲೂ ಇಲ್ಲ. ಅದನ್ನು ತಿನ್ನಲು ನನಗೆ ಎರಡು ದಿನ ಧೈರ್ಯ ಬರಲಿಲ್ಲ.

ರಾಯರು ಮಾತ್ರ ಆಮೇಲೆ ನನ್ನನ್ನು ಚೆನ್ನಾಗಿ ಬೈದರು. ಆಫೀಸಿಗೆ ಕರೆಸಿ, ಬಾಗಿಲು ಹಾಕಿ ಬೈದರು. ಅದೃಷ್ಟ ಇದ್ದದ್ದಕ್ಕೆ ಉಳಿದಿರಿ, ಇದನ್ನು ಬೇರೆ ಕ್ಲೈಂಟುಗಳ ಹತ್ತಿರ ಹೇಳಕೂಡದು, ಹೇಳಿದರೆ ನನ್ನ ಪ್ರಾಕ್ಟೀಸು ಮುಗಿಯಿತು ಎಂದರು. ಇನ್ನು ಮುಂದೆ ತವರಿನ ಡಬ್ಬಿ ಕಳಿಸುವುದಿದ್ದರೆ ಅದನ್ನೂ ಕಂಪನಿಯೇ ಕಳಿಸಲಿ, ಬೋರ್ಡ್ ಮೀಟಿಂಗಿನಲ್ಲಿ ಒಂದು ರೆಸಲ್ಯೂಶನ್ ಮಾಡಿ ಎಂದರು. ಮಾಡಿದೆವು. ಈಗ ನಮ್ಮ ಎಲ್ಲ ಬಾಣಂತಿಯರಿಗೂ ತೊಟ್ಟಿಲಿನ ದಿನ ಕೆಂಪು ಗುರುತಿನ ಡಬ್ಬಿಯಲ್ಲಿ ಲೇಹ್ಯ ಹೋಗುತ್ತದೆ, ಬಿಲ್ಲಿನಲ್ಲಿ ಉಚಿತ ಎಂದು ಬರೆದು. ವೆರಿ ಸೆನ್ಸಿಬಲ್. ಆದರೂ ಬರೆಯುವಾಗ ಸ್ವಾತಿಗೂ ನನಗೂ ಮುಜುಗರ.

ಬೈಗುಳ ಮುಗಿದ ಮೇಲೆ ನಾನು ಕೇಳಿದೆ. ‘ಅಷ್ಟೆಲ್ಲ ನಿಯಮ ಹೇಳುವವರು ನೀವು. ಅಲ್ಲಿ ಹಾಗೆ ಯಾಕೆ ಹೇಳಿದಿರಿ?’

ಅವರು ಫ್ಯಾನಿನ ಕಡೆ ನೋಡಿದರು. ಅವರ ಆಫೀಸಿನ ಫ್ಯಾನು, ಬಾಗಿಲ ಹತ್ತಿರದ ಮೂಲೆಯಲ್ಲಿ, ಯಾರೂ ಕೂರದ ಜಾಗದ ಮೇಲೆ ತಿರುಗುತ್ತಿತ್ತು.

‘ನೀವು ಕಂಪನಿ ಅಂತ ಹೇಳ್ತೀರಿ ಅಂತ ಹೆದರಿಕೆ ಆಯ್ತು,’ ಎಂದರು.

ಪ್ರತಿ ವರ್ಷ ಫೈಲಿಂಗಿನ ಹೊತ್ತಿಗೆ ಅವರ ಫೋನು ಬರುತ್ತಿತ್ತು. ‘ಗಾಳಾದ ವಯರಿಂಗ್ ನೋಡಿಸಿದ್ರಾ? ಸಿಲಿಂಡರ್ ಹೊರಗೆ ಉಂಟಾ?’ ಕೊನೆಗೆ, ದನಿ ತಗ್ಗಿಸಿ, ‘ಆ ಮಾಜಿವಾಡಾದ ಮಗು ಶಾಲೆಗೆ ಹೋಗ್ತದಾ?’ ಹೋಗುತ್ತದೆ ಎಂದರೆ, ‘ಸ್ಕೂಲ್ ಬಸ್ಸಿನಲ್ಲಾ?’ ಎಂದು ಹೊಸ ಹೆದರಿಕೆ ಶುರು.

ಅವರು ಹೋದ ಸುದ್ದಿ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಬಂತು. ನಿದ್ದೆಯಲ್ಲೇ ಹೋದರಂತೆ. ಅಷ್ಟೆಲ್ಲ ಅಪಾಯಗಳನ್ನು ಲೆಕ್ಕ ಹಾಕಿದ್ದ ಮನುಷ್ಯ, ಹಾಸಿಗೆಯ ಮೇಲೆ ಯಾವ ಎಚ್ಚರಿಕೆಯನ್ನೂ ಇಟ್ಟುಕೊಂಡಿರಲಿಲ್ಲ ಎಂದು ಕಾಣುತ್ತದೆ. ನನ್ನ ಎದೆ ಹಾರಿತು. ಇನ್ನು ನಮ್ಮ ಬದಲಿಗೆ ಹೆದರುವವರು ಯಾರು ಎಂಬ ಯೋಚನೆ ಬಂತು. ಕೆಟ್ಟ ಯೋಚನೆಯೇ. ಬಂದದ್ದು ಅದು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಕುಚ್ಚಲಕ್ಕಿ ಗಂಜಿ ಮಾಡಿದೆ. ಸ್ವಾತಿ ಶಹಾಡ್‌ಗೆ ಹೊರಟವಳು ಬಾಗಿಲಲ್ಲಿ ನಿಂತು, ‘ಅತ್ತೆ, ಗಂಜಿ ಕಂಪನಿಯ ಡಬ್ಬೀಲಿ ತಗೊಂಡು ಹೋಗ್ತೀರಾ? ಅಂಕಲ್ ಇದ್ದಿದ್ರೆ...’ ಎಂದಳು. ನಾನು ಮೇಲಿನ ಹಲಗೆಯಿಂದ ನನ್ನ ಸ್ಟೀಲಿನ ಡಬ್ಬಿ ಇಳಿಸಿದೆ. ತುಂಬುವ ಮೊದಲು ಗಂಜಿಯ ರುಚಿ ನೋಡಿದೆ. ಮುಚ್ಚಳ ಹಾಕುವ ಮೊದಲು ಮತ್ತೆ ನೋಡಿದೆ. ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಇಳಿದು, ಕಂಬದ ಹತ್ತಿರ ಸ್ವಲ್ಪ ನಿಂತು, ನೌಪಾಡಾದ ಅವರ ಮನೆಗೆ ನಡೆದೆ. ಕೊಡೆ ಬಾಗಿಲ ಹೊರಗೆ ಮೊಳೆಗೆ ತೂಗಾಡುತ್ತಿತ್ತು.

ಮಗನಿರಬೇಕು, ಬಾಗಿಲಿಗೆ ಬಂದ. ಮುಖ ತಂದೆಯದೇ, ಹೆದರಿಕೆ ಮಾತ್ರ ಇರಲಿಲ್ಲ. ಆವತ್ತು ಬೆಳಗಿನಿಂದ ಎಷ್ಟು ಜನರನ್ನು ಕೇಳಿದ್ದನೋ, ನನ್ನನ್ನೂ ಕೇಳಿದ.

‘ಅಪ್ಪನ ಕ್ಲೈಂಟಾ ಅಮ್ಮಾ? ಕಂಪನಿ ಯಾವುದು ನಿಮ್ಮದು?’

‘ಅಲ್ಲಪ್ಪ,’ ಎಂದೆ. ‘ಗಂಜಿ ತಂದಿದ್ದೇನೆ. ನಾನು ಮನೆಯಲ್ಲೇ ಮಾಡಿದ್ದು.’

ಅವನು ದಾರಿ ಬಿಟ್ಟು, ಡಬ್ಬಿಗೆ ಕೈ ಚಾಚಿದ. ಕೊಡುವ ಮೊದಲು ಮುಚ್ಚಳ ತೆಗೆದು ಗಂಜಿಯನ್ನು ಇನ್ನೊಮ್ಮೆ ಮೂಸಿ ನೋಡಿದೆ. ವಯಸ್ಸಾದ್ದಕ್ಕೆ ಎಂದು ಅವನು ತಿಳಿದಿರಬೇಕು.